ಪಹಣಿಯಲ್ಲಿ ಖರಾಬು, ಎರೆಭೂತಕ್ಕೆ ಮನೆ

ಚಿತ್ರದುರ್ಗ ದಾಟಿ ಚಳ್ಳಕೆರೆ ಕಡೆ ಹೊರಟರೆ ಬಸ್ಸಿನಲ್ಲಿ ಪಕ್ಕ ಕೂತವರು ಯಾರಾದರೂ ಒಮ್ಮೆ ಅಂದೇ ಅನ್ನುತ್ತಾರೆ: "ಏನಿದೆ ರೀ ಇಲ್ಲಿ, ಬರೀ ಬಯಲು." ಫೆಬ್ರುವರಿ ಬಿಸಿಲಲ್ಲಿ ಕಿಟಕಿಯಾಚೆ ನೋಡಿದರೆ ಎದುರಾಡಲು ಮನಸ್ಸಾಗುವುದಿಲ್ಲ. ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ದೂರದಲ್ಲಿ ಕುರಿಹಿಂಡು ಎಬ್ಬಿಸಿದ ಧೂಳು. ಮೊಬೈಲ್ ಎತ್ತಿ ಫೋಟೊ ತೆಗೆಯುವಂಥದ್ದು ಏನೂ ಇಲ್ಲ. ಸರ್ಕಾರಿ ಕಾಗದವೂ ಇದೇ ಮಾತನ್ನು ಇನ್ನೂ ಚುಟುಕಾಗಿ ಹೇಳುತ್ತದೆ: ಖರಾಬು.

ಊರಲ್ಲಿ ಒಂದು ತುಂಡು ಜಮೀನಿದ್ದವರಿಗೆಲ್ಲ ಈ ಪದ ಗೊತ್ತು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ, ಅದರಲ್ಲಿ ಖರಾಬು ಕಳೆದು ಉಳಿದದ್ದು ಸಾಗುವಳಿ ಭೂಮಿ. ಉಳಲು ಬಾರದ್ದು ಎ ಖರಾಬು. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯದ್ದು ಬಿ ಖರಾಬು. ಎರಡಕ್ಕೂ ಕಂದಾಯ ಇಲ್ಲ. ಬ್ರಿಟಿಷರ ಕಾಲದ ಸರ್ವೆಗೆ ಬೇಕಿದ್ದದ್ದು ಈ ನೆಲ ಎಷ್ಟು ಕಂದಾಯ ಕೊಡುತ್ತದೆ ಅನ್ನುವ ಲೆಕ್ಕ ಮಾತ್ರ. ಕೊಡದಿದ್ದರೆ ಅದು ಕೆಟ್ಟ ನೆಲ. ಆ ಸರ್ವೆಯವರು ಹೋಗಿ ಎಷ್ಟೋ ಕಾಲವಾಯಿತು, ಪದ ಮಾತ್ರ ಹೋಗಲಿಲ್ಲ.

ಕನ್ನಡಕ್ಕೆ ಅದರದ್ದೇ ಒಂದು ಪದ ಇತ್ತು, ಈಗಲೂ ಇದೆ. ಹುಲ್ಲುಗಾವಲು. ಒಡೆದು ನೋಡಿ: ಹುಲ್ಲು, ಕಾವಲು. ಹುಲ್ಲನ್ನು ಕಾಯ್ದ ಜಾಗ. ನಮ್ಮ ಹಿರಿಯರು ಹುಲ್ಲಿಗೆ ಕಾವಲು ಹಾಕಿದ್ದರು! ಇದು ಬರೀ ಪದದ ಆಟವಲ್ಲ. ಬಯಲುಸೀಮೆಯ ಪ್ರಾಣಿಪಕ್ಷಿಗಳು ಇವತ್ತು ಯಾಕೆ ಕಾಣೆಯಾಗುತ್ತಿವೆ ಅನ್ನುವುದಕ್ಕೆ ಬೇಟೆಗಿಂತ, ಬರಕ್ಕಿಂತ ದೊಡ್ಡ ಕಾರಣ ಈ ಎರಡು ಪದಗಳ ನಡುವೆಯೇ ಇದೆ ಅಂತ ನನಗನ್ನಿಸುತ್ತದೆ. ಒಂದು ಜಾಗವನ್ನು ಖಾಲಿ ಅಂತ ಬರೆದುಕೊಂಡ ಮೇಲೆ ಅಲ್ಲಿಗೆ ಏನು ತಂದು ಹಾಕಿದರೂ ಅದು ಅಭಿವೃದ್ಧಿಯೇ.

ಕಾವಲಿನ ಕಥೆ ಸ್ವಲ್ಪ ಹೇಳಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಅನ್ನುವ ಇಲಾಖೆಯೇ ಇತ್ತು. ಹೈದರಾಲಿ ಈ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು ಹಚ್ಚಿದ. ಟಿಪ್ಪು ಇಲಾಖೆಗೆ 'ಅಮೃತಮಹಲ್' ಅಂತ ಹೆಸರಿಟ್ಟ. ಎತ್ತುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು, ಹಾಸನದ ಉದ್ದಕ್ಕೂ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಜಾಸ್ತಿ ಇದ್ದವು. ಕಾವಲು ಇಟ್ಟದ್ದು ಯುದ್ಧದ ಎತ್ತಿಗಾಗಿ. ಆದರೆ ಆ ನೆಪದಲ್ಲಿ ಕೃಷ್ಣಮೃಗ, ತೋಳ, ನರಿ, ಗೌಜಲಕ್ಕಿ ಎಲ್ಲ ಬದುಕಿಕೊಂಡವು. ಸ್ವಾತಂತ್ರ್ಯದ ನಂತರ ಈ ನೆಲ ತುಂಡು ತುಂಡಾಗಿ ಹಂಚಿಹೋಯಿತು. ಈಗ ಉಳಿದಿರುವುದು ಅದರ ಸಣ್ಣ ಪಾಲು.

ಹಾಗಾದರೆ ಆ 'ಬರೀ ಬಯಲಲ್ಲಿ' ಏನಿದೆ? ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗ ಅದು. ಅಷ್ಟು ಮಳೆಗೆ ದಟ್ಟ ಕಾಡು ಬೆಳೆಯುವುದಿಲ್ಲ, ಹುಲ್ಲು ಬೆಳೆಯುತ್ತದೆ. ಮರ ಕಡಿದದ್ದಕ್ಕೆ ಹೀಗಾಯಿತು ಅನ್ನುವುದು ನಮ್ಮ ಊಹೆ. ಎಷ್ಟೋ ಕಡೆ ಅದು ಮೊದಲಿಂದಲೂ ಹೀಗೇ ಇತ್ತು. ಮುಂಗಾರು ನಾಲ್ಕು ಹನಿ ಬಿದ್ದ ಹತ್ತು ದಿನಕ್ಕೆ ಹೋಗಿ ನೋಡಿ, ಅದೇ ಬಸ್ಸಿನ ಪಕ್ಕದವರೂ ಬಾಯಿ ಮುಚ್ಚುತ್ತಾರೆ. ಹುಲ್ಲು ತನ್ನ ಆಸ್ತಿಯನ್ನು ನೆಲದೊಳಗೆ ಬೇರಿನಲ್ಲಿ ಇಟ್ಟುಕೊಳ್ಳುವ ಗಿಡ. ಮೇಲೆ ದನ ತಿಂದರೂ, ಬೆಂಕಿ ಬಿದ್ದರೂ ಒಳಗಿಂದ ಮತ್ತೆ ಚಿಗುರುತ್ತದೆ.

ಇಲ್ಲಿನ ಜೀವಿಗಳೂ ಬಯಲಿಗೆ ಹೊಂದಿಕೊಂಡೇ ಬಂದವು. ಚಿಗರಿ, ಅಂದರೆ ಕೃಷ್ಣಮೃಗ, ಬದುಕುವುದು ಕಣ್ಣಿನಿಂದ ಮತ್ತು ಕಾಲಿನಿಂದ. ಅಪಾಯವನ್ನು ದೂರದಿಂದಲೇ ನೋಡಬೇಕು, ನೋಡಿದ ಮೇಲೆ ಓಡಲು ಜಾಗ ಬೇಕು. ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ 'ಸೆಳೆವ' ಅನ್ನುವ ಬೇಟೆಹಕ್ಕಿಗಳು (ಇಂಗ್ಲಿಷಿನಲ್ಲಿ ಹ್ಯಾರಿಯರ್) ರಾತ್ರಿ ಮರದ ಮೇಲೆ ಕೂರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ತೋಳಕ್ಕೂ ಗುಹೆಗಿಂತ ಕುರುಚಲು ಗುಡ್ಡದ ಸಂದು ಸಾಕು.

ಮತ್ತೆ ಎರೆಭೂತ. ಪುಸ್ತಕಗಳಲ್ಲಿ ಹೆಬ್ಬಕ ಅಂತಲೂ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ನನಗೆ ಎರೆಭೂತವೇ ಇಷ್ಟ. ಎರೆ ಅಂದರೆ ಕಪ್ಪು ಮಣ್ಣು. ಕಡಲೆ ಹೊಲದ ನಡುವೆ ಇದ್ದಕ್ಕಿದ್ದಂತೆ ಮೀಟರ್ ಎತ್ತರಕ್ಕೆ ಎದ್ದು ನಿಲ್ಲುವ ಹಕ್ಕಿಗೆ ಭೂತ ಅಂದದ್ದರಲ್ಲಿ ಆಶ್ಚರ್ಯ ಇಲ್ಲ ಅಲ್ವಾ? ಗಂಡು 15 ಕೆ.ಜಿ. ತನಕ ತೂಗುತ್ತದೆ, ಹಾರುವ ಹಕ್ಕಿಗಳಲ್ಲೇ ಬಲು ಭಾರದ್ದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಗೂಡಿಲ್ಲದೆ, ಬರೀ ನೆಲದ ಮೇಲೆ. 1969ರ ಸುಮಾರಿಗೆ ದೇಶದಲ್ಲಿ 1,260ರಷ್ಟು ಇದ್ದವು ಅನ್ನುವುದು ಆಗಿನ ಅಂದಾಜು. ಈಗ ಕಾಡಿನಲ್ಲಿ 150 ಕೂಡ ಇಲ್ಲ. ಇರುವವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಥಾರ್‌ನಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು.

ರಾಣೆಬೆನ್ನೂರಿನಲ್ಲಿಯೂ ಇದ್ದವು. ಅಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಅಲ್ಲಿ ಕಾನೂನಿನ ರಕ್ಷಣೆ ಇತ್ತು.

1974ರಲ್ಲಿ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. 119 ಚದರ ಕಿಲೋಮೀಟರ್. ಬೇಟೆ ನಿಂತಿತು, ಚಿಗರಿ ಹೆಚ್ಚಿದವು. ಆದರೆ ಅದೇ ಅಭಯಾರಣ್ಯದ ದೊಡ್ಡ ಭಾಗದಲ್ಲಿ ನೀಲಗಿರಿ ತೋಪು ಎದ್ದಿತು. ಬಯಲನ್ನು 'ಹಸಿರು' ಮಾಡುವುದು ಆಗಿನ ಕಾಲದ ಒಳ್ಳೆಯ ಕೆಲಸ, ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಚಿಗರಿ ಹೇಗೋ ಹೊಂದಿಕೊಂಡವು. ಹಗಲು ತೋಪಿನಲ್ಲಿ, ಸಂಜೆ ರೈತರ ಹೊಲದಲ್ಲಿ. ಎರೆಭೂತಕ್ಕೆ ಆ ಜಾಣತನ ಇಲ್ಲ. ಸುತ್ತ ಕಣ್ಣು ಹಾಯದಿದ್ದರೆ ಅದು ಮೊಟ್ಟೆ ಇಡುವುದಿಲ್ಲ. ಗಂಡು ಹಕ್ಕಿ ಕೊರಳಿನ ಚೀಲ ಉಬ್ಬಿಸಿ ಗುಡುಗಿ ಹೆಣ್ಣನ್ನು ಕರೆಯುವುದು ನಾಲ್ಕೂ ಕಡೆ ಕಾಣುವ ಬಯಲಿನಲ್ಲಿ ನಿಂತು. ಮರಗಳ ಸಾಲಿನೊಳಗೆ ಅದು ಯಾರಿಗೆ ಕಾಣಬೇಕು? ಒಂದೊಂದಾಗಿ ಕಡಿಮೆಯಾಗಿ ಕೊನೆಗೆ ಇಲ್ಲವಾದವು. ಅಭಯಾರಣ್ಯದ ಬೋರ್ಡು ಹಾಗೇ ಇದೆ. ಒಂದು ಪ್ರಾಣಿಯನ್ನು ಕೊಲ್ಲಬಾರದು ಅನ್ನುವ ಕಾನೂನು ಅದರ ಮನೆಯನ್ನು ಕಾಯಲಿಲ್ಲ.

ನೀಲಗಿರಿಯ ವಿಷಯದಲ್ಲಿ ಜನ ಸುಮ್ನೆ ಕೂತಿರಲಿಲ್ಲ ಅನ್ನುವುದೂ ನೆನಪಿರಲಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಗೋಮಾಳಗಳಲ್ಲೆಲ್ಲ ನೀಲಗಿರಿ ನೆಟ್ಟರು. ಹರಿಹರದ ನಾರು ಕಾರ್ಖಾನೆಗೆ ಮರ ಒದಗಿಸಲು ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಜಂಟಿ ಕಂಪನಿಗೆ ಸುಮಾರು 30 ಸಾವಿರ ಹೆಕ್ಟೇರ್ ಕೊಡುವುದಾಯಿತು. ಕಾಗದದಲ್ಲಿ ಅದು 'ಸಿ ಅಂಡ್ ಡಿ' ದರ್ಜೆಯ ನೆಲ. ಎ ಅಲ್ಲ, ಬಿ ಅಲ್ಲ. ಅಲ್ಲಿ ದನ ಮೇಯಿಸುತ್ತಿದ್ದವರಿಗೆ ಮಾತ್ರ ಅದು ಒಂದನೇ ದರ್ಜೆಯದ್ದೇ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯವರು ನ್ಯಾಯಾಲಯದಲ್ಲೂ ಹೋರಾಡಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರವೇ ಆದೇಶ ಮಾಡಿದ್ದು 2017ರಲ್ಲಿ. ಕುಸನೂರಿನವರಿಗೆ ಮೂವತ್ತು ವರ್ಷ ಮೊದಲೇ ಗೊತ್ತಿದ್ದ ವಿಷಯ.

ಆದರೆ ನೀಲಗಿರಿ ಬೇಡ ಅಂದಮಾತ್ರಕ್ಕೆ ಬಯಲಿನ ಕಷ್ಟ ಮುಗಿಯಲಿಲ್ಲ. ಈಗ ಹೊಂಗೆ, ಬೇವು, ಆಲ. ಎಲ್ಲಾ ನಮ್ಮವೇ ಮರಗಳು, ಒಳ್ಳೆಯವೇ. ಆದರೂ ಹುಲ್ಲುಗಾವಲಿನಲ್ಲಿ ಜೆಸಿಬಿಯಿಂದ ಸಾಲು ಸಾಲು ಗುಂಡಿ ತೆಗೆದು ನೆಟ್ಟರೆ ಹುಲ್ಲಿಗೆ ಆಗುವ ಪೆಟ್ಟು ಅದೇ. ಮಲೆನಾಡಿನಲ್ಲಿ ಗಣಿಗೋ ರಸ್ತೆಗೋ ಕಾಡು ಹೋದರೆ, ಅದಕ್ಕೆ ಪರಿಹಾರವಾಗಿ ಬೇರೆ ಕಡೆ ಮರ ಬೆಳೆಸಬೇಕು. ಅದಕ್ಕೆಂದೇ 2016ರ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆ ಇದೆ, ದುಡ್ಡೂ ಇದೆ. ಆ ಮರ ಬೆಳೆಸುವುದು ಎಲ್ಲಿ? 'ಖಾಲಿ' ಇರುವ ಕಡೆ. ಹೀಗೆ ಒಂದು ಕಡೆಯ ಕಾಡೂ ಹೋಯಿತು, ಇನ್ನೊಂದು ಕಡೆಯ ಬಯಲೂ ಹೋಯಿತು. ಪರಿಸರ ದಿನಕ್ಕೆ ಗಿಡ ನೆಡುವ ಉತ್ಸಾಹಿಗಳಿಗೆ ಇದನ್ನು ಹೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ನಾನೂ ಒಂದು ಕಾಲಕ್ಕೆ ಅಂಥ ಗುಂಪಿನಲ್ಲಿ ಗುದ್ದಲಿ ಹಿಡಿದವನೇ.

ದೇಶದ ಮಟ್ಟದಲ್ಲೂ ಲೆಕ್ಕ ಇದೇ ರೀತಿ. ಕೇಂದ್ರ ಸರ್ಕಾರ ಪಾಳುಭೂಮಿಯ ನಕ್ಷೆಪುಸ್ತಕ ಹೊರತರುತ್ತದೆ. 2019ರ ಆವೃತ್ತಿಯ ಪ್ರಕಾರ ದೇಶದ ಶೇ 17ರಷ್ಟು ನೆಲ, ಸುಮಾರು 5.57 ಕೋಟಿ ಹೆಕ್ಟೇರ್, ಪಾಳು. ಅದರಲ್ಲಿ ಕುರುಚಲು ನೆಲ ಇದೆ, ಮೇವಿನ ನೆಲ ಇದೆ, ಮರಳುಗಾಡು ಇದೆ. ತಮಾಷೆ ಅಂದರೆ ಹಿಮಾಲಯದ ಹಿಮ ಮುಚ್ಚಿದ ಬೆಟ್ಟವೂ ಅದೇ ಪಟ್ಟಿಯಲ್ಲಿ! ಗಂಗೆ ಹುಟ್ಟುವ ಜಾಗ ಪಾಳು ಅನ್ನುವವರಿಗೆ ಚಳ್ಳಕೆರೆ ಏನು ಲೆಕ್ಕ. ಅದೇ ವರ್ಷ ಮರುಭೂಮೀಕರಣದ ಬಗ್ಗೆ ವಿಶ್ವಸಂಸ್ಥೆಗೆ ಕೊಟ್ಟ ಮಾಹಿತಿಯಲ್ಲಿ 2005ರಿಂದ 2015ರೊಳಗೆ ಹುಲ್ಲುಗಾವಲಿನ ಶೇ 31ರಷ್ಟು ಹೋಗಿದೆ ಅಂತ ಭಾರತವೇ ಹೇಳಿಕೊಂಡಿತು. ಹತ್ತು ವರ್ಷದಲ್ಲಿ ಕಾಡು ಹೀಗೆ ಮೂರರಲ್ಲಿ ಒಂದು ಪಾಲು ಹೋಗಿದ್ದರೆ ಟೀವಿಯವರು ಬಿಡುತ್ತಿದ್ದರಾ?

ಚಳ್ಳಕೆರೆಯ ಕಾವಲುಗಳಿಗೆ ಬಂದ ಅತಿಥಿಗಳು ಇನ್ನೂ ದೊಡ್ಡವರು. 2007ರಿಂದ 2010ರ ನಡುವೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊಗಳಿಗೆ ಹಂಚಿಕೆಯಾದ ನೆಲ ಎಂಟು ಸಾವಿರ ಎಕರೆಗೂ ಜಾಸ್ತಿ. ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲು. ದೇಶಕ್ಕೆ ಬೇಕಾದ ಕೆಲಸಗಳೇ, ಒಪ್ಪೋಣ. ಆದರೆ ಆ ನೆಲ ಖಾಲಿ ಇರಲಿಲ್ಲ. ಕಂಬಳಿಗೆ ಹೆಸರಾದ ಸೀಮೆ ಅದು, ಕಂಬಳಿಗೆ ಬೇಕಾದ ಉಣ್ಣೆ ಕುರಿಯ ಮೈಮೇಲೆ ಬರುವುದು ಆ ಹುಲ್ಲಿನಿಂದಲೇ. ಇಲ್ಲಿನ ಮ್ಯಾಸನಾಯಕ ಸಮುದಾಯದ ದೇವರ ಎತ್ತುಗಳನ್ನು ಕಿಲಾರಿಗಳು ಮೇಯಿಸುವುದೂ ಇಂಥದ್ದೇ ಬಯಲುಗಳಲ್ಲಿ. ಊರವರಿಗೆ ವಿಷಯ ಸರಿಯಾಗಿ ತಿಳಿದದ್ದು ಗೋಡೆ ಏಳತೊಡಗಿದಾಗ. ಹಸಿರು ನ್ಯಾಯಮಂಡಳಿಯ ತನಕ ಹೋದರು. ಆದರೂ ಗೋಡೆ ಎದ್ದೇ ನಿಂತಿತು.

ಈಗಿನ ಹೊಸ ಅತಿಥಿ ಗಾಳಿ ಮತ್ತು ಬಿಸಿಲು. ಪಾವಗಡದ ಸೋಲಾರ್ ಪಾರ್ಕು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಗದಗ, ಕೊಪ್ಪಳ, ಚಿತ್ರದುರ್ಗದ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ. ಕಲ್ಲಿದ್ದಲು ಸುಡುವುದಕ್ಕಿಂತ ಇದು ಸಾವಿರ ಪಾಲು ಮೇಲು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಜಾಗ ಆರಿಸುವ ರೀತಿಯಲ್ಲಿ. ಸೌರ ಮತ್ತು ಗಾಳಿ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಅನುಮತಿಯೇ ಬೇಕಿಲ್ಲ. ಅಂದರೆ ಇಲ್ಲಿ ಯಾವ ಜೀವಿ ಇದೆ ಅಂತ ಕೇಳುವ ಮೇಜೇ ಇಲ್ಲ. ಪಾಳುಭೂಮಿಯ ಪಟ್ಟಿ ನೋಡು, ಗಾಳಿ ನೋಡು, ಗುತ್ತಿಗೆ ಬರೆದುಕೋ, ಮುಗಿಯಿತು.

ಆಮೇಲೆ ತಂತಿ. ಎರೆಭೂತದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ನೆಲದ ಮೇಲೆ ಶತ್ರು ಎಲ್ಲಿಂದ ಬಂದರೂ ಕಾಣುತ್ತದೆ, ನೇರ ಎದುರಿನದು ಮಾತ್ರ ಸರಿಯಾಗಿ ಕಾಣುವುದಿಲ್ಲ. ಕಂಡರೂ ಆ ಭಾರದ ಮೈಯನ್ನು ತಟಕ್ಕನೆ ತಿರುಗಿಸಲು ಆಗುವುದಿಲ್ಲ. ಥಾರ್‌ನಲ್ಲಿ ಈ ಹಕ್ಕಿ ಸಾಯುವುದಕ್ಕೆ ಈಗ ದೊಡ್ಡ ಕಾರಣ ಹೈಟೆನ್ಶನ್ ತಂತಿ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಹಕ್ಕಿಯ ಪ್ರದೇಶದಲ್ಲಿ ತಂತಿಗಳನ್ನು ನೆಲದಡಿ ಹಾಕಿ ಅಂದಿತು. ಅದಕ್ಕೆ ವಿಪರೀತ ಖರ್ಚು, ತಾಂತ್ರಿಕವಾಗಿಯೂ ಆಗದು ಅಂತ ಸರ್ಕಾರ ಹೇಳಿತು. 2024ರ ಮಾರ್ಚ್‌ನಲ್ಲಿ ಕೋರ್ಟು ತನ್ನ ಆದೇಶ ಬದಲಿಸಿ ತಜ್ಞರ ಸಮಿತಿಗೆ ವಹಿಸಿತು. ಹವಾಮಾನ ಬದಲಾವಣೆಯ ಕೆಡುಕಿನಿಂದ ಪಾರಾಗುವುದು ಜನರ ಹಕ್ಕು ಅಂತ ಹೇಳಿದ್ದೂ ಅದೇ ತೀರ್ಪು. ಹಕ್ಕಿಯೋ ಕರೆಂಟೋ ಅನ್ನುವ ಜಗಳವಾಗಿ ಪತ್ರಿಕೆಗಳು ಅದನ್ನು ಬರೆದವು. ನನಗೆ ಆ ಜಗಳವೇ ಸುಳ್ಳು ಅನಿಸುತ್ತದೆ. ಫಲಕ ಎಲ್ಲಿ, ತಂತಿ ಎಲ್ಲಿ ಅಂತ ತೀರ್ಮಾನಿಸುವ ಮೊದಲ ದಿನವೇ ಹಕ್ಕಿಯ ನಕ್ಷೆ ಮೇಜಿನ ಮೇಲೆ ಇದ್ದಿದ್ದರೆ ಕೋರ್ಟಿನ ತನಕ ಬರಬೇಕಿರಲಿಲ್ಲ.

ತೋಳದ ಕಥೆ ಬೇರೆ. ಅದು ಎರೆಭೂತದಷ್ಟು ನಾಜೂಕಿನ ಜೀವಿಯಲ್ಲ. ದೇಶದಲ್ಲಿ ಸುಮಾರು ಮೂರು ಸಾವಿರ ಇರಬಹುದು ಅನ್ನುವುದು ಅಂದಾಜು. ಹುಲಿ 2022ರ ಲೆಕ್ಕದಲ್ಲಿ 3,682. ಅಂದರೆ ತೋಳ ಹುಲಿಗಿಂತ ಅಪರೂಪ! ಹುಲಿಗೆ 1973ರಿಂದ ಯೋಜನೆ ಇದೆ, ತೋಳಕ್ಕೆ ಕುರಿಗಾಹಿ ಇದ್ದಾನೆ. ಹೌದು, ಕುರಿಗಾಹಿಯೇ. ತೋಳ ಬದುಕಿರುವುದು ಬಹುಪಾಲು ಅಭಯಾರಣ್ಯದ ಹೊರಗೆ, ಕುರಿಹಿಂಡುಗಳ ಆಸುಪಾಸಿನಲ್ಲಿ. ಒಂದೆರಡು ಮರಿ ಕಳೆದುಕೊಂಡು, ಬೈದುಕೊಂಡು, ಆದರೂ ವಿಷ ಇಡದೆ ಸಹಿಸಿಕೊಂಡವರಿಂದಲೇ ಅದು ಉಳಿದಿದೆ. ಬೇಲಿ ಹಾಕಿ ಕುರಿಯನ್ನು ಹೊರಗಟ್ಟಿದರೆ ತೋಳ ಉಳಿಯುತ್ತದೆ ಅಂದುಕೊಳ್ಳುವುದು ದಡ್ಡತನ. ಊರಿನ ಕಸಕ್ಕೆ ಬೆಳೆದ ನಾಯಿಗಳು ಅದಕ್ಕೆ ಈಗಿನ ದೊಡ್ಡ ಕಂಟಕ. ರೋಗ ಹಚ್ಚುತ್ತವೆ, ಜೊತೆ ಸೇರಿ ತಳಿಯನ್ನೂ ಕೆಡಿಸುತ್ತವೆ.

ಗೋಮಾಳದ ವಿಷಯದಲ್ಲಿ ರೈತರನ್ನು ಬೈಯುವುದು ಸುಲಭ, ನಾನು ಬೈಯಲಾರೆ. ಕರ್ನಾಟಕ ಭೂಕಂದಾಯ ನಿಯಮದಲ್ಲಿ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಇಡಬೇಕು ಅಂತಿದೆ. ಬಗರ್ ಹುಕುಂ, ಅಂದರೆ ಇಂಥ ಸರ್ಕಾರಿ ನೆಲದಲ್ಲಿ ಮಂಜೂರಾತಿ ಇಲ್ಲದೆ ಮಾಡಿದ ಸಾಗುವಳಿ, ಸಕ್ರಮ ಆಗಲಿ ಅಂತ ಫಾರಂ 50, 53, 57 ಹಿಡಿದು ತಾಲೂಕು ಕಚೇರಿಗೆ ಅಲೆದವರಲ್ಲಿ ಎಷ್ಟೋ ಜನಕ್ಕೆ ಬೇರೆ ಒಂದು ಗುಂಟೆ ಇರಲಿಲ್ಲ. ದನವೂ ಕಡಿಮೆಯಾಗಿದೆ, ಟ್ರ್ಯಾಕ್ಟರ್ ಬಂದಿದೆ. ಆದರೆ ದನದ ತಲೆ ಎಣಿಸಿ ಹುಲ್ಲಿನ ನೆಲ ಅಳೆಯುವ ಈ ನಿಯಮದಲ್ಲಿ ಚಿಗರಿಯ ತಲೆ ಯಾವತ್ತೂ ಲೆಕ್ಕಕ್ಕೆ ಬಂದಿಲ್ಲ. ಈಗ ಯಲಬುರ್ಗಾ, ಕುಕನೂರು ಕಡೆ ಚಿಗರಿ ಬೆಳೆ ತಿನ್ನುತ್ತವೆ ಅಂತ ರೈತರು ರಾತ್ರಿ ಕಾವಲು ಕೂರುತ್ತಾರೆ. ಹುಲ್ಲಿಗೆ ಇದ್ದ ಕಾವಲು ಹೋಗಿ ಬೆಳೆಗೆ ಕಾವಲು ಬಂತು.

ಒಳ್ಳೆಯ ಸುದ್ದಿಯೂ ಇದೆ, ಸಣ್ಣದು. ಮಧುಗಿರಿಯ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು, 798 ಎಕರೆ. ಕಡೂರು ಕಡೆ ಬಾಸೂರು ಕಾವಲಿಗೂ ಅದೇ ದರ್ಜೆ ಸಿಕ್ಕಿತು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರ್ ತೋಳಧಾಮ ಇದೆ. ಬೆಂಗಳೂರಿನ ಮಗ್ಗುಲ ಹೆಸರಘಟ್ಟದ ಐದು ಸಾವಿರ ಎಕರೆಗೂ ಮಿಕ್ಕ ಹುಲ್ಲುಗಾವಲನ್ನು ಮೀಸಲು ಮಾಡಲು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಬೇಡ ಅಂದಿತು, ಮುಂದೆ ಅದೇ ಮಂಡಳಿ ಆಗಲಿ ಅಂದಿತು. ನಡುವೆ ಅಲ್ಲಿ ಚಿತ್ರನಗರಿಯ ಮಾತೂ ಇತ್ತು. ಸಂರಕ್ಷಣಾ ಮೀಸಲು ಅನ್ನುವುದು ಅಭಯಾರಣ್ಯಕ್ಕಿಂತ ಸಡಿಲ ದರ್ಜೆ. ಸುತ್ತಲಿನ ಜನರನ್ನು ಜೊತೆಗಿಟ್ಟುಕೊಂಡೇ ನಡೆಸಬೇಕಾದದ್ದು. ಬಯಲುಸೀಮೆಗೆ ಇದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಆದರೆ ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಚೂರುಗಳು. ಅಲೆದಾಡಿ ಬದುಕುವ ತೋಳಕ್ಕೆ 332 ಹೆಕ್ಟೇರ್ ಅಂದರೆ ಮನೆಯ ಪಡಸಾಲೆ ಅಷ್ಟೇ.

ಸಿರುಗುಪ್ಪಕ್ಕೆ ಈ ದಾರಿಯೂ ಸಾಲದು. ಅಲ್ಲಿ ಎರೆಭೂತ ಇರುವುದು ಸರ್ಕಾರಿ ನೆಲದಲ್ಲಲ್ಲ, ಪಟ್ಟಾ ಜಮೀನಿನಲ್ಲಿ. ಮಳೆ ನಂಬಿದ ಕಡಲೆ, ಜೋಳ, ಅದರಲ್ಲಿನ ಮಿಡತೆ, ಹುಳ, ಬಿದ್ದ ಕಾಳು. ಅದಕ್ಕೆ ಬೇಕಾದದ್ದು ಒಣಬೇಸಾಯ. ರೈತನಿಗೆ ಬೇಕಾದದ್ದು ನೀರು. ಬೋರ್‌ವೆಲ್ ಬಂತು ಅಂದರೆ ಮೆಣಸಿನಕಾಯಿ, ಹತ್ತಿ, ಅದರ ಹಿಂದೆ ಔಷಧಿ ಸಿಂಪಡಣೆ, ಪಂಪ್‌ಸೆಟ್ಟಿಗೆ ತಂತಿ. ಇಲ್ಲಿ ಯಾರೂ ತಪ್ಪು ಮಾಡುತ್ತಿಲ್ಲ. ಗಡಿಯಾಚೆ ಆಂಧ್ರದ ರೋಳ್ಳಪಾಡಿನಲ್ಲಿ ಈ ಹಕ್ಕಿಗೆಂದೇ ಅಭಯಾರಣ್ಯ ಮಾಡಿದ್ದರು. ಸುತ್ತಲಿನ ಹೊಲಗಳಿಗೆ ನೀರಾವರಿ ಬಂದು ಬೆಳೆ ಬದಲಾಯಿತು. ಅಭಯಾರಣ್ಯ ಇದೆ, ಹಕ್ಕಿ ಇಲ್ಲ.

ಜೈಸಲ್ಮೇರಿನ ಕೇಂದ್ರಗಳಲ್ಲಿ 2019ರಿಂದ ಮೊಟ್ಟೆಗಳನ್ನು ಮರಿ ಮಾಡಿಸಿ ಸಾಕುತ್ತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಆ ಸಂತತಿಯಲ್ಲಿ ಕೆಲವನ್ನು ಒಂದು ದಿನ ದಖ್ಖನಿಗೂ ತರೋಣ ಅಂತ ಯಾರಾದರೂ ಹೇಳಬಹುದು. ಹೇಳಿದರೆ ಮೊದಲು ಬೇಕಾಗುವುದು ಸಿರುಗುಪ್ಪದ ಕೆಲವು ಸಾವಿರ ಎಕರೆಯ ಒಣಬೇಸಾಯ ಹೊಲ. ನೀರಾವರಿ ಬೆಳೆಗೂ ಕಡಲೆಗೂ ಇರುವ ಆದಾಯದ ವ್ಯತ್ಯಾಸವನ್ನು ಅಲ್ಲಿನ ರೈತನಿಗೆ ವರ್ಷ ವರ್ಷ ತುಂಬಿಕೊಡುವ ಒಂದು ಏರ್ಪಾಡು. ಗಣಿ ಜಿಲ್ಲೆ ಅದು, ಜಿಲ್ಲಾ ಖನಿಜ ನಿಧಿಯಲ್ಲಿ ದುಡ್ಡಿದೆ. ಮಾತು ನಡೆಯಬೇಕಾದದ್ದು ಹಿಂಗಾರಿ ಬಿತ್ತನೆಗೆ ಮುಂಚೆ, ಸೆಪ್ಟೆಂಬರ್ ಒಳಗೆ. ಅಕ್ಟೋಬರ್‌ನಲ್ಲಿ ಹೋದರೆ ಬೋರ್‌ವೆಲ್ ಲಾರಿ ಆಗಲೇ ಹೊಲದಲ್ಲಿ ನಿಂತಿರುತ್ತದೆ.